ಹದಿನಾಲ್ಕು ಮಂದಿ

ಹೊಸಪೇಟೆ ರಸ್ತೆಯದಕ್ಕೆ ತಲೆಗೆ ಆರುನೂರು,
ಏಸಿ ಐತಿ, ಬೂಟು ಕಡ್ಡಾಯ.
ನಮ್ಮ ಜೀನ್ಸ್ ಯೂನಿಟ್ಟಿನ ಹದಿಮೂರು ಮಂದಿಯಲ್ಲಿ
ಬೂಟಿರೋದು ತಾಯಣ್ಣಗೊಬ್ಬಗೇ,
ಅದೂ ಮದುವಿದು.

ಇನ್ನೊಂದು, ಕೌಲ್ ಬಜಾರಿನ ಸಾಮಿಲ್ಲಿನ ಹಿಂದೆ:
ಹಲಗೆಗೆ ಸುಣ್ಣದ ಮೂರು ಸುತ್ತು,
ಎಂಬತ್ತು ರೂಪಾಯಿಗೆ ಹತ್ತು ಎಸೆತ.
‘ಚಪ್ಲಿ ನಡೀತಾವ’ ಅಂದ ಖಾಜಾಹುಸೇನ,
‘ಹಿಂದ ಮಾತ್ರ ಯಾರೂ ನಿಂದರಂಗಿಲ್ಲ.’

ನೋಡಿಬರಲು ಹೋದದ್ದು ನಾನು, ಹುಲಿಗೆಮ್ಮ.
ಕೊಡಲಿ ಕೈಗೆ ಬಂದದ್ದೇ
ಹೆಬ್ಬೆರಳಿಂದ ಅದರ ಬಾಯಿ ಸವರಿದಳು,
ದಿನಾ ಕತ್ತರಿಗೆ ಮಾಡುವ ಹಾಗೇ.
‘ಮೊಂಡ’ ಅಂದಳು.
ಎಸೆದಳು.

ನಡುವಿನ ಸುತ್ತಿನಲ್ಲಿ ನೆಟ್ಟು
ಕಾವು ಇನ್ನೂ ನಡುಗುತ್ತಿತ್ತು.
ನಾನು ಅಡ್ವಾನ್ಸ್ ಎಣಿಸುತ್ತಿದ್ದೆ.

‘ಹದಿನಾಲ್ಕು ಅಂತ ಬರಸು, ನಮ್ಮವ್ವನೂ ಬರ್ತಾಳ.
ಜಾಲಿ ಕಡಿದು ಕಡಿದು ನಮ್ಮನ್ನ ಸಾಕಿದಾಕಿ,
ಆಟಕ್ಕಂತ ಒಮ್ಮೆನೂ
ಕೊಡಲಿ ಹಿಡಿದಿಲ್ಲ.’