ಚೋರಡಿ ಯಾರ್ರೀ

ಇವರು ಕಂಡಕ್ಟರ್ ಕೆಲಸ ಬಿಟ್ಟ ವರ್ಷ
ಗಾಡಿಕೊಪ್ಪದ ಹಿತ್ತಿಲಲ್ಲಿ
ಹ್ಯಾಟೆ ಐದು ಮರಿ ಎಬ್ಬಿಸಿತು.
ಹೆಸರಿಡೋಕೆ ಪಂಚಾಂಗ ಬೇಕೇ?
ಆಯನೂರು, ಕುಂಸಿ, ಚೋರಡಿ, ಆನಂದಪುರ.
ಕಾಲು ಸೊಟ್ಟಗಿದ್ದು
ಎಲ್ಲಕ್ಕಿಂತ ಕೊನೆಗೆ ಮುಟ್ಟುವುದು, ಸಾಗರ.

ನುಚ್ಚಿನ ತಟ್ಟೆಗೆ ಎರಡು ಸಲ ಬಡಿದು
"ಇಳಿಯೋರು ಮುಂದೆ ಬನ್ನಿ" ಅಂತಾರೆ.
ಕುಂಸಿಗೆ ಯಾವಾಗಲೂ ಫುಟ್‌ಬೋರ್ಡಿನ ಆತುರ;
ಆನಂದಪುರ ನನ್ನ ನೆರಿಗೆಯೊಳಗೆ, ಟಿಕೆಟ್ಟಿಲ್ಲದೆ.

ಶುಕ್ರವಾರ ಅಕ್ಕಿ ಕೇರುತ್ತಿದ್ದೆ.
ಮೊರದ ಮೇಲೊಂದು ನೆರಳು ಜಾರಿತು.
ಹ್ಯಾಟೆ ಕೂಗಿದ್ದಷ್ಟೇ ಗೊತ್ತು.

ಸಂಜೆ ಗೂಡಿನ ಬಾಗಿಲು ಹಿಡಿದು
ಕರೆದರು, ಒಂದೂ ಬಿಡದೆ.
ಚೋರಡಿ. ಚೋರಡಿ ಯಾರ್ರೀ?

"ಇಲ್ಲವಲ್ಲ ಅದು" ಅಂದೆ.

"ಇಳಿಯೋರಿಲ್ಲದಿದ್ರೂ ಕೂಗಬೇಕು ಕಣೆ."

ಸಾಗರ ಕುಂಟುತ್ತ ಬರುವ ತನಕ
ಬಾಗಿಲು ಹಾಕಲಿಲ್ಲ.