ಬಲಗಡೆ ಕೂತು ಕೇಳಿದ್ದು

ಈ ಸೀಮೆಯಲ್ಲಿ ಎಲ್ಲರ ಸ್ಟೀರಿಂಗೂ ಎಡಕ್ಕೆ.
ನನ್ನದೊಂದು ಬಲಕ್ಕೆ. ಕಿಟಕಿಯಿಂದ ಕೈ ಚಾಚಿದರೆ
ಸೀದಾ ಡಬ್ಬಿಯ ಬಾಯಿಗೆ ಟಪಾಲು.
ಓಝಾರ್ಕ್ ಗುಡ್ಡಗಳ ಮೂರನೇ ರೂಟು,
ಎಂಬತ್ತೆರಡು ಮೈಲಿ, ನಾನೂರ ಹನ್ನೊಂದು ಡಬ್ಬಿ,
ದಿನಕ್ಕೆ ಐದು ಆಲ್ಬಮ್ಮು,
ಹಳ್ಳ ಉಕ್ಕಿ ಸುತ್ತುಬಳಸಿ ಹೋದರೆ ಆರು.

ನನ್ನ ಅಭಿಪ್ರಾಯ ಯಾರೂ ಕೇಳಿಲ್ಲ.
ಆದರೂ ಇದೆ.

ಮೊದಲು ಆ ಹುಡುಗ, ಕೇಡ್ ಮೆರಿವೆದರ್.
ಟೋಪಿ ಹೊಸದು, ಬೂಟು ಹೊಸದು,
ದುಃಖವೂ ಅಂಗಡಿಯಿಂದ ನೇರ ಬಂದದ್ದು,
ಬೆಲೆಚೀಟಿ ಇನ್ನೂ ಕಿತ್ತಿಲ್ಲ.
ಹನ್ನೆರಡು ಹಾಡಿಗೆ ಹದಿನೇಳು ಸಲ ವಿಸ್ಕಿ
(ಎಣಿಸಿದೆ; ಪಾರ್ಸಲ್ ಎಣಿಸುವ ಕೈಗೆ ಅದೊಂದು ಚಟ)
ಮಾರನೇ ಬೆಳಗ್ಗೆ ಒಂದು ಸಲವೂ ಇಲ್ಲ.
ಹೊಲದ ಹಾಡಂತೆ. ಕೈಗೆ ಕೆಸರು ತಾಗಿಲ್ಲ,
ಬಾಯಿಗೆ ಮಾತ್ರ ಗಡಿಗೆ ಮೊಸರು.

ಸಾಲ್ಟ್‌ಲಿಕ್ ಕಸಿನ್ಸ್, ಅಣ್ಣ ತಂಗಿ.
ಡ್ರಮ್ಮು ಯಾರೋ ಸಿಟ್ಟಿಗೆದ್ದು ಕಾರಿನ ಬಾಗಿಲು ಬಡಿದ ಹಾಗೆ.
ಆದರೆ ಪೆಡಲ್ ಸ್ಟೀಲ್ ನುಡಿಸಿದವನು, ಅವನ ಹೆಸರು
ಕವರಿನ ಹಿಂದೆ ಇರುವೆಯಷ್ಟು ಸಣ್ಣ,
ಆಲ್ಬಮ್ಮು ಪೂರ್ತಿ ಅವನದೇ.
ಇವರಿಬ್ಬರೂ ಕಚ್ಚಾಡಿಕೊಂಡು ಹಾಡುವಾಗ
ಅವನು ನಡುವೆ ಬಂದು, ಏನೂ ಹೇಳದೆ,
ಪಾತ್ರೆ ತೊಳೆಯಲು ನಿಲ್ಲುತ್ತಾನೆ.

ಅಮೆರಿಕಾನಾ ಅಂದರೇನೇ ಅಂತ ಗಂಡ ವೆಂಡಲ್ ಕೇಳಿದ.
ರೇಡಿಯೋದವರು ತಿರುಗಿಯೂ ನೋಡದ ಕಂಟ್ರಿ, ಅಂದೆ.

ಐಲಾ ಫೇ ಟ್ರಸ್‌ಡೇಲ್‌ಗೆ ಎಪ್ಪತ್ಮೂರು.
ಮೇಲಿನ ಸ್ವರಕ್ಕೆ ಏರಹೋಗಿ
ಎರಡು ಮೆಟ್ಟಿಲು ಕೆಳಗೇ ಕೂತು ಮೊಣಕಾಲು ನೀವಿಕೊಂಡು
ಇಲ್ಲಿಂದಲೇ ಕಾಣುತ್ತೆ ಬಿಡು, ಅನ್ನುತ್ತಾಳೆ.
ಕಾಣುತ್ತೆ. ನಿಜಕ್ಕೂ ಕಾಣುತ್ತೆ.
ಆ ದಿನ ಪೆಟಿಗ್ರೂ ಮನೆಯ ಔಷಧಿ ಪೊಟ್ಟಣ
ಪಕ್ಕದವರ ಡಬ್ಬಿಗೆ ಹಾಕಿಬಿಟ್ಟೆ;
ಇಪ್ಪತ್ತಾರು ವರ್ಷದಲ್ಲಿ ನನ್ನ ಎರಡನೇ ತಪ್ಪು.

ಇನ್ನು ಟ್ಯಾನ್ಸಿ ರುಡಿಸಿಲ್.
ಡಬ್ಬಿ ಇನ್ನೂರ ಅರವತ್ತೆಂಟು, ಸ್ಲೇಟ್ ಕ್ರೀಕ್ ರಸ್ತೆ.
ಅವಳ ಗಿಟಾರಿನ ತಂತಿ, ಕೋರ್ಟಿನ ನೋಟೀಸು,
ಯಾರದೋ ಕೈಬರಹದ ದಪ್ಪ ಲಕೋಟೆಗಳು,
ಆಮೇಲೆ ನಿಂತೇಹೋದ ಲಕೋಟೆಗಳು,
ಎಲ್ಲಕ್ಕೂ ಈ ಕೈಯೇ ಸಾಕ್ಷಿ.
ಅಡುಗೆಮನೆಯಲ್ಲಿ ಕೂತು, ಕಿಟಕಿ ತೆರೆದು, ಒಬ್ಬಳೇ ಹಾಡಿದ್ದಾಳೆ.

ನಾಲ್ಕನೇ ಹಾಡು. ಎರಡನೇ ಚರಣ ಮುಗಿದು
ಉಸಿರು ತೆಗೆದುಕೊಳ್ಳುವ ಹೊತ್ತು
ದೂರದಲ್ಲೊಂದು ಎಂಜಿನ್ನು.
ಜಲ್ಲಿಯ ಮೇಲೆ ಚಕ್ರ.
ಕಿರ್ರ್ ಅಂತ ಮುಚ್ಚಳ ತೆರೆದು
ಟಪ್ ಅಂತ ಮುಚ್ಚುತ್ತದೆ.

ಕಾರು ಬದಿಗೆ ನಿಲ್ಲಿಸಿದೆ.
ಹಿಂದಕ್ಕೆ ಹೋಗಿ ಕೇಳಿದೆ. ಮತ್ತೆ ಕೇಳಿದೆ.
ನನ್ನದೇ ಫ್ಯಾನ್‌ಬೆಲ್ಟಿನ ಕೀರಲು,
ಮಾರ್ಚಿನಲ್ಲಿ ವೆಂಡಲ್ ಬದಲಿಸುವ ಮೊದಲಿನದು.

ಅಳಿಸಬಹುದಿತ್ತು. ಅಳಿಸಿಲ್ಲ.
ಅಷ್ಟೇ ಅಲ್ಲ, ಆ ಟಪ್ಪಿಗೇ ಕಾದಿದ್ದು
ಮೂರನೇ ಚರಣ ಎತ್ತಿಕೊಂಡಿದ್ದಾಳೆ
ಮುಚ್ಚಳ ತಾಳ ಹಾಕಿತೋ ಎಂಬಂತೆ.

ಇನ್ನು ನನ್ನ ಮಾತಿಗೆ ಯಾವ ಬೆಲೆ?
ತೀರ್ಪು ಹೇಳಬೇಕಾದವಳು
ಹಾಡಿನೊಳಗೇ ಸಿಕ್ಕಿಬಿದ್ದಿದ್ದೇನೆ.
ಈ ವರ್ಷ ಇದಕ್ಕಿಂತ ಒಳ್ಳೆಯದು ಬಂದಿಲ್ಲ ಅಂದರೆ
ಬೆಲ್ಟಿನ ಸದ್ದಿಗೆ ಮರುಳಾದಳು ಅನ್ನುತ್ತಾರೆ.
ಅನ್ನಲಿ. ಬಂದಿಲ್ಲ.

ಇವತ್ತು ಅವಳಿಗೆ ಕರೆಂಟು ಬಿಲ್ಲು, ಒಂದು ಬೀಜದ ಕ್ಯಾಟಲಾಗು.
ಒಳಗೆ ಏನಾದರೂ ರೆಕಾರ್ಡ್ ಆಗುತ್ತಿದ್ದರೆ ಅಂತ
ಮುಚ್ಚಳವನ್ನು ಮೆಲ್ಲಗೆ, ಬೆರಳಿಟ್ಟು ಮುಚ್ಚಿದೆ.
ಹತ್ತು ಗಜ ಹೋದೆ.
ರಿವರ್ಸ್ ಬಂದೆ.
ತೆರೆದು, ಸರಿಯಾಗಿ ಮುಚ್ಚಿದೆ.

ಏಳನೇ ಹಾಡು ಮಾತ್ರ ಉದ್ದವಾಯಿತು.
ಆ ಮೌತ್ ಆರ್ಗನ್ನೂ ಬೇಕಿರಲಿಲ್ಲ.
ಅವಳ ತಾಯಿಗೆ ಹೇಳಿದ್ದೇನೆ.