ಮೂರನೇ ಕಿಟಕಿ

ಗಾಜಿಗೆ ಅಂಟಿಸಿದ ಚೀಟಿ ನನ್ನ ನೌಕರಿಗಿಂತ ಹಳೆಯದು:
"ಇಲ್ಲಿನ ಸಿಬ್ಬಂದಿ ಕಾನೂನು ಸಲಹೆ ಕೊಡುವುದಿಲ್ಲ."
ಟೊಲೀಡೊ ಗಾಜಿನ ಊರು. ಮಾತಿಗೂ ಇಲ್ಲಿ
ಅಂಗೈಯಗಲದ ತೂತು ಕೊರೆದಿದ್ದಾರೆ.
ಅದಕ್ಕೆ ಬಾಯಿಟ್ಟು ಕೇಳುತ್ತಾರೆ,
ಇಪ್ಪತ್ತೆರಡು ವರ್ಷದಿಂದ ಕೇಳುತ್ತಿದ್ದಾರೆ:

ಕೇಸು ಬಿದ್ದುಹೋಯಿತಲ್ಲ ಮೇಡಂ,
ಹೆಸರೇಕೆ ಇನ್ನೂ ಎದ್ದು ನಿಂತಿದೆ?

ಹಿಡಿದದ್ದೂ ನಿಜ, ಬಿಟ್ಟದ್ದೂ ನಿಜ,
ಕೆಲಸದ ಅರ್ಜಿಯಲ್ಲಿ ಯಾವ ನಿಜಕ್ಕೆ ಗುರುತು ಹಾಕಲಿ?

ನಾನು ಮಾಡಲಿಲ್ಲ, ಒಪ್ಪಿಕೊಂಡೆ ಅಷ್ಟೆ.
ಒಪ್ಪಿದರೆ ಸಂಜೆಗೆ ಮನೆ ಅಂದರು ವಕೀಲರು.
ಅವರ ಮುಖ ನೋಡಿದ್ದೇ ಏಳು ನಿಮಿಷ.
ಮಗಳನ್ನು ಶಾಲೆಯಿಂದ ಕರೆತರಬೇಕಿತ್ತು.
ಮಾಡಿ ಒಪ್ಪಿದವರಿಗೆ ಒಂದು ನಮೂನೆ,
ಮಾಡದೆ ಒಪ್ಪಿದವರಿಗೆ ಇನ್ನೊಂದು, ಹಾಗೇನಾದರೂ ಇದೆಯೆ?

ಇಲ್ಲ. ಒಂದೇ. ಎರಡನೇ ಮಹಡಿ, ಹಸಿರು ಕಾಗದ,
ಶುಲ್ಕ ಕಟ್ಟಲಾಗದಿದ್ದರೆ ಜೊತೆಗೆ ಹಳದಿ.
ಇಷ್ಟು ಹೇಳಬಹುದು.
ಮುಂದಿನದೂ ಗೊತ್ತು. ಬಾಯಿಗೆ ಬೀಗ.

ಬೆರಳಿಗೆ ಮಾತ್ರ ಯಾರೂ ಕಾನೂನು ಬರೆದಿಲ್ಲ.
ನಮೂನೆ ಜಾರಿಸುವಾಗ ಏಳನೇ ಕಲಮಿನ ಮೇಲೆ
ಅದು ಅರೆಗಳಿಗೆ ತಂಗುತ್ತದೆ.
ಕಣ್ಣಿದ್ದವರು ನೋಡಿಕೊಳ್ಳುತ್ತಾರೆ.

ವೆಂಡೆಲ್ ಪ್ರೂಸಾಕ್ ನೋಡಿಕೊಂಡ.
ಹತ್ತೊಂಬತ್ತರ ವಯಸ್ಸಿನಲ್ಲಿ, ಇಬ್ಬರು ಗೆಳೆಯರ ಕೂಡ,
ಬಾಗಿಲೆಳೆದ ಬೌಲಿಂಗ್ ಅಂಕಣಕ್ಕೆ ಹಿಂದಿನಿಂದ ನುಗ್ಗಿ
ಆಟದ ಯಂತ್ರ ಒಡೆದು ಚಿಲ್ಲರೆ ಬಾಚಿದ್ದ.
ತಲೆಗೆ ಹದಿನಾಲ್ಕು ಡಾಲರ್ ಬಿತ್ತು.
ಈಗ ನಲವತ್ತಾರು, ಬಾಯ್ಲರ್ ರಿಪೇರಿ,
ಉಗುರ ಸಂದಿಯಲ್ಲಿ ತೊಳೆದರೂ ಹೋಗದ ಮಸಿ.
"ಕೆಲಸ ಕೊಡುತ್ತಾರೆ, ಮನೆ ಕೊಡುವುದಿಲ್ಲ" ಎಂದಿದ್ದ.
"ಆಮೇಲೆ ಏನು ಮಾಡಿದಿರಿ, ಇಷ್ಟು ವರ್ಷ?"
ನ್ಯಾಯಾಧೀಶೆ ಕೇಳಿದರಂತೆ.
"ಬಾಯ್ಲರ್" ಅಂದನಂತೆ. ಅಷ್ಟೇ ಹೊಳೆಯಿತಂತೆ.

ಆಜ್ಞೆ ಬಂದದ್ದು ಫೆಬ್ರವರಿಯಲ್ಲಿ, ನದಿ ಕಲ್ಲಾಗಿದ್ದಾಗ.
ಮುಚ್ಚುವುದು ನನ್ನ ಕೈಕೆಲಸ.
ಕಡತ ಎಳೆದು ಕಂದು ಲಕೋಟೆಗೆ ತುರುಕಿ
ಅಂಟು, ಮೊಹರು, ಮೇಲೆ ನನ್ನ ಎರಡಕ್ಷರ.
ಪಟ್ಟಿಯಲ್ಲಿ ಸಾಲು ಅಳಿಸಿದರೆ
೪೪೭೧ರ ಕೆಳಗೆ ೪೪೭೩.
ಹಲ್ಲು ಬಿದ್ದ ಜಾಗಕ್ಕೆ ನಾಲಿಗೆ ಹೋದಂತೆ
ಕಣ್ಣು ಅಲ್ಲಿಗೇ ಹೋಗುತ್ತದೆ, ಈಗಲೂ.

ಮೇ ತಿಂಗಳಲ್ಲಿ ಮತ್ತೆ ಬಂದ. ಕೈಯಲ್ಲೊಂದು ಹಾಳೆ,
ಯಾವುದೋ ಕಂಪನಿ ಎಂದೋ ಕೊಂಡಿಟ್ಟ ನಕಲು.
ಅದರೊಳಗೆ ಆ ಹಿಂಬಾಗಿಲು
ಇನ್ನೂ ಮುರಿಯುತ್ತಲೇ ಇದೆ.
"ನನ್ನ ಮೇಲೆ ಏನೂ ಇಲ್ಲವೆಂದು ಬರೆದುಕೊಡಿ,
ಮನೆಯೊಡತಿಗೆ ತೋರಿಸಬೇಕು."
ಇಲ್ಲದ್ದರ ನಕಲು ಎಲ್ಲಿಂದ ತೆಗೆಯಲಿ?
ಆಜ್ಞೆಯನ್ನೇ ತೋರಿಸೋಣವೆಂದರೆ
ಏನನ್ನು ಮುಚ್ಚಿದರೆಂದು ಅದರಲ್ಲೇ ತೆರೆದಿದೆ.

ನಾನು ತಲೆಯಾಡಿಸಿದೆ. ಅವನು ಕದಲಲಿಲ್ಲ.
ಫೋನು ತೆಗೆದು, ಯಾರಿಗೋ ಹಚ್ಚಿ, ಸ್ಪೀಕರ್ ಒತ್ತಿ,
ಗಾಜಿನ ತೂತಿಗೆ ಹಿಡಿದ.
ಆ ಕಡೆ ಹೆಂಗಸಿನ ದನಿ, ಅದರ ಹಿಂದೆ ನಾಯಿ.
"ಪ್ರೂಸಾಕ್, ವೆಂಡೆಲ್. ಅಪರಾಧದ ದಾಖಲೆ ಇದೆಯಾ?"

ನನಗೆ ನೆನಪಿದೆ ಲಕೋಟೆಯ ತೂಕ.
ಫೋಟೋದಲ್ಲಿ ಕಿವಿಯ ಹತ್ತಿರದ ಮೊಡವೆ,
ಅಳುವನ್ನು ತಡೆದ ತುಟಿ, ಹದಿನಾಲ್ಕು ಡಾಲರ್.
ಆದರೂ ಹುಡುಕಿದೆ. ಹುಡುಕಬೇಕು, ನಿಯಮ.
"ಆ ಹೆಸರಿನಲ್ಲಿ ಇಲ್ಲಿ ಏನೂ ಇಲ್ಲ."

ಜೋರಾಗಿ, ಎಂದ ತುಟಿಯಲ್ಲೇ.
ಸಾಲಿನಲ್ಲಿದ್ದವರು ತಲೆಯೆತ್ತಿದರು.
ಹೇಳಿದೆ, ಕೊನೆಯ ಬೆಂಚಿಗೂ ಕೇಳುವಂತೆ.

ನಾಯಿ ಬೊಗಳುತ್ತಲೇ ಇತ್ತು.
"ನೋಡೋಣ" ಅಂದಳು ಆಕೆ, ಇಟ್ಟಳು.
ಅವನು ಹಾಳೆಯನ್ನು ನನ್ನ ಕಡೆ ಜಾರಿಸಿದ:
"ಇದನ್ನೇನು ಮಾಡಲಿ?"

ಅದು ಕಾನೂನಿನ ಪ್ರಶ್ನೆ.
ಗಾಜಿನ ಮೇಲಿನ ಚೀಟಿ ತೋರಿಸಿದೆ,
ಮೇಜಿನಡಿಯ ಕಸದ ಬುಟ್ಟಿಯನ್ನು
ಕಾಲಿನಿಂದ ತುಸು ಮುಂದಕ್ಕೆ ತಳ್ಳಿಕೊಂಡೆ.